ದೈವಚಿತ್ತದ ವಿವೇಚನೆ: ಕ್ರೈಸ್ತ ಪರಂಪರೆಯಲ್ಲಿ

ವಿವಾಹ, ವೃತ್ತಿ, ಸನ್ಯಾಸ, ವಲಸೆ, ಸಭೆಯ ಸೇವೆಗೆ ಬಾಳನ್ನು ಒಪ್ಪಿಸಿಕೊಳ್ಳುವುದು ಮುಂತಾದ, ಬದುಕಿನ ದಿಕ್ಕನ್ನೇ ಬದಲಿಸುವ ನಿರ್ಧಾರಗಳ ಮುಂದೆ ನಿಂತ ಕ್ರೈಸ್ತ ವಿಶ್ವಾಸಿಯು ಪ್ರಾರ್ಥನೆ, ಬೈಬಲಿನ ಓದು, ಹಿರಿಯರ ಸಲಹೆ ಮತ್ತು ಆತ್ಮಪರೀಕ್ಷೆಗಳ ಮೂಲಕ ದೇವರ ಇಷ್ಟವನ್ನು ಅರಿಯಲು ಯತ್ನಿಸುವ ಕ್ರಮಕ್ಕೆ ದೈವಚಿತ್ತದ ವಿವೇಚನೆ ಎಂದು ಹೆಸರು. ಕನ್ನಡದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ದೇವರ ಚಿತ್ತ ತಿಳಿಯುವುದು, ದೇವರ ನಡೆಸುವಿಕೆಗಾಗಿ ಕಾದಿರುವುದು ಎಂಬ ಮಾತುಗಳು ರೂಢಿಯಲ್ಲಿವೆ. ಕಥೋಲಿಕರಲ್ಲಿ, ಅದರಲ್ಲೂ ಗುರುದೀಕ್ಷೆ ಅಥವಾ ಕನ್ಯಾಸ್ತ್ರೀ ಜೀವನದ ಆಯ್ಕೆಯ ಸಂದರ್ಭದಲ್ಲಿ, ದೈವಕರೆಯನ್ನು ಗುರುತಿಸುವುದು ಎನ್ನುತ್ತಾರೆ. ಸುಮಾರು ಎರಡು ಸಾವಿರ ವರ್ಷಗಳಲ್ಲಿ ಇದಕ್ಕಾಗಿ ಹುಟ್ಟಿಕೊಂಡ ವಿಧಾನಗಳು ಅನೇಕ. ನಿರ್ಧರಿಸುವವನ ಹೊಣೆಯನ್ನು ಅವನಿಂದ ಕಿತ್ತುಕೊಳ್ಳದೆ, ಅವನ ಮನಸ್ಸನ್ನು ಆಸೆ ಮತ್ತು ಭಯಗಳ ಹಿಡಿತದಿಂದ ಬಿಡಿಸಲು ನೆರವಾದ ವಿಧಾನಗಳೇ ಅವುಗಳಲ್ಲಿ ಹೆಚ್ಚು ಕಾಲ ಬಾಳಿವೆ.

ಭವಿಷ್ಯವನ್ನು ಮುಂಚಿತವಾಗಿ ತಿಳಿದುಕೊಳ್ಳುವ ಕಣಿ, ಶಕುನ, ಜಾತಕಗಳಿಂದ ಈ ಕ್ರಮವನ್ನು ಕ್ರೈಸ್ತ ಬೋಧಕರು ಮೊದಲಿನಿಂದಲೂ ಬೇರ್ಪಡಿಸಿದ್ದಾರೆ. ಬೈಬಲಿನ ಧರ್ಮೋಪದೇಶಕಾಂಡದ 18ನೆಯ ಅಧ್ಯಾಯವು ಕಣಿ ಹೇಳುವುದನ್ನೂ ಸತ್ತವರನ್ನು ವಿಚಾರಿಸುವುದನ್ನೂ ನಿಷೇಧಿಸುತ್ತದೆ. ಮುಂದೆ ಏನಾಗುವುದು ಎಂಬ ಪ್ರಶ್ನೆಯ ಜಾಗದಲ್ಲಿ, ಈಗ ಏನು ಮಾಡಿದರೆ ದೇವರಿಗೆ ಮೆಚ್ಚುಗೆಯಾಗುವುದು ಎಂಬ ಪ್ರಶ್ನೆಯನ್ನು ಇಲ್ಲಿ ಇಡಲಾಗುತ್ತದೆ. ದೈವಚಿತ್ತವೆಂಬ ಮಾತನ್ನೂ ದೇವಶಾಸ್ತ್ರಜ್ಞರು ಮೂರು ಅರ್ಥಗಳಲ್ಲಿ ಬಿಡಿಸಿ ನೋಡುತ್ತಾರೆ: ಸಮಸ್ತ ಚರಿತ್ರೆಯನ್ನು ಆಳುವ, ಮನುಷ್ಯರಿಗೆ ಮರೆಯಾಗಿರುವ ದೇವರ ಸಂಕಲ್ಪ ಒಂದು, ದಶಾಜ್ಞೆಗಳಲ್ಲಿಯೂ ಕ್ರಿಸ್ತನ ಬೋಧನೆಯಲ್ಲಿಯೂ ಎಲ್ಲರಿಗೂ ಪ್ರಕಟವಾಗಿರುವ ನೈತಿಕ ಚಿತ್ತ ಎರಡು, ಇಂಥ ವ್ಯಕ್ತಿ ಇಂಥ ಊರಿನಲ್ಲಿ ಇಂಥವರೊಂದಿಗೆ ಬಾಳಬೇಕೆಂಬ ವೈಯಕ್ತಿಕ ಯೋಜನೆ ಮೂರು. ಮೊದಲಿನ ಎರಡರ ಬಗ್ಗೆ ಹೆಚ್ಚಿನ ತಕರಾರಿಲ್ಲ. ಮೂರನೆಯದು ಎಷ್ಟರ ಮಟ್ಟಿಗೆ ಇದೆ, ಇದ್ದರೆ ಹೇಗೆ ತಿಳಿಯುತ್ತದೆ ಎಂಬುದರ ಸುತ್ತಲೇ ಚರ್ಚೆ ಬೆಳೆದಿದೆ.

ಬೈಬಲಿನ ಆಧಾರಗಳು

ಹಳೆಯ ಒಡಂಬಡಿಕೆಯಲ್ಲಿ ದೇವರನ್ನು ವಿಚಾರಿಸುವ ಅಧಿಕೃತ ಸಾಧನಗಳಲ್ಲಿ ಒಂದು ಮಹಾಯಾಜಕನ ಎದೆಪದಕದೊಳಗೆ ಇರುತ್ತಿದ್ದ ಊರೀಮ್ ಮತ್ತು ತುಮ್ಮೀಮ್ ಎಂಬ ವಸ್ತುಗಳು. ಅವುಗಳ ಆಕಾರವನ್ನಾಗಲಿ ಬಳಕೆಯ ಕ್ರಮವನ್ನಾಗಲಿ ಬೈಬಲ್ ವಿವರಿಸುವುದಿಲ್ಲ. ಅರಸ ಸೌಲನು ತನ್ನ ಕೊನೆಯ ಯುದ್ಧದ ಹಿಂದಿನ ದಿನಗಳಲ್ಲಿ ಕನಸಿನಿಂದಲೂ ಊರೀಮಿನಿಂದಲೂ ಪ್ರವಾದಿಗಳಿಂದಲೂ ಉತ್ತರ ಸಿಗದೆ, ತಾನೇ ನಾಡಿನಿಂದ ಹೊರಗಟ್ಟಿದ್ದ ಕಣಿಗಾರ್ತಿಯರಲ್ಲಿ ಒಬ್ಬಳ ಬಾಗಿಲಿಗೆ ಮಾರುವೇಷದಲ್ಲಿ ಹೋದ ಪ್ರಸಂಗವು, ದೇವರ ಮೌನವನ್ನು ತಾಳಲಾರದ ಮನುಷ್ಯ ಎಲ್ಲಿಗೆ ತಲುಪಬಹುದೆಂಬುದಕ್ಕೆ ಬೈಬಲಿನ ಅತ್ಯಂತ ದಾರುಣ ನಿದರ್ಶನವಾಗಿದೆ.

ಉಪದೇಶಗಳಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಗುವ ಇನ್ನೊಂದು ಕಥೆ ಗಿದ್ಯೋನನದು. ರಾತ್ರಿ ಕಣದಲ್ಲಿ ಕುರಿಯ ಉಣ್ಣೆಯನ್ನು ಹರಡಿ, ನೆಲವೆಲ್ಲ ಒಣಗಿದ್ದು ಉಣ್ಣೆ ಮಾತ್ರ ಮಂಜಿನಿಂದ ತೊಯ್ದಿದ್ದರೆ ದೇವರ ಮಾತು ನಿಜವೆಂದು ನಂಬುವುದಾಗಿ ಅವನು ಹೇಳಿದನು. ಬೆಳಗ್ಗೆ ಎದ್ದು ಉಣ್ಣೆಯನ್ನು ಹಿಂಡಿದಾಗ ಬಟ್ಟಲು ತುಂಬ ನೀರು ಬಂತು. ಅಷ್ಟಕ್ಕೂ ಸಮಾಧಾನವಾಗದೆ ಮರುರಾತ್ರಿ ಇದಕ್ಕೆ ವಿರುದ್ಧವಾದ ಗುರುತನ್ನು ಬೇಡಿದನು. ಇಂಥ ಕೆಲಸ ಸಿಕ್ಕಿದರೆ, ಇಂಥ ದಿನದೊಳಗೆ ಪತ್ರ ಬಂದರೆ ಅದೇ ದೇವರ ಚಿತ್ತವೆಂದು ಮೊದಲೇ ಗುರುತನ್ನು ನಿಗದಿ ಮಾಡಿಕೊಳ್ಳುವವರು ಈ ಕಥೆಯನ್ನು ಆಧಾರವಾಗಿ ತೋರಿಸುವುದುಂಟು. ಆದರೆ ಗಿದ್ಯೋನನಿಗೆ ಏನು ಮಾಡಬೇಕೆಂಬುದು ಅದಕ್ಕೆ ಮುಂಚೆಯೇ ಸ್ಪಷ್ಟವಾಗಿ ತಿಳಿದಿತ್ತು, ಅವನು ಬೇಡಿದ್ದು ಧೈರ್ಯವನ್ನೇ ಹೊರತು ಮಾಹಿತಿಯನ್ನಲ್ಲ. ಆದ್ದರಿಂದ ಈ ಕಥೆಯನ್ನು ಎಲ್ಲರೂ ಅನುಸರಿಸಬೇಕಾದ ವಿಧಾನವೆಂದು ಬೋಧಿಸುವುದು ಮೂಲಪಾಠಕ್ಕೆ ನ್ಯಾಯ ಒದಗಿಸಿದಂತಾಗುವುದಿಲ್ಲ. ಇದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಬಾಲಕ ಸಮುವೇಲನ ಕಥೆ. ರಾತ್ರಿ ತನ್ನ ಹೆಸರು ಹಿಡಿದು ಕರೆದ ಧ್ವನಿಯನ್ನು ಕೇಳಿ ಅವನು ಮೂರು ಬಾರಿಯೂ ಮುದಿ ಯಾಜಕ ಏಲಿಯ ಬಳಿಗೇ ಓಡುತ್ತಾನೆ. ಕರೆದವನು ದೇವರೆಂದು ಗುರುತಿಸಿ ಹುಡುಗನಿಗೆ ತಿಳಿಸಿದವನು, ಸ್ವತಃ ಆ ಧ್ವನಿಯನ್ನು ಕೇಳಿರದ ಏಲಿಯೇ. ಕರೆ ಒಬ್ಬನಿಗೆ ಬಂದರೂ ಅದನ್ನು ಗುರುತಿಸಲು ಇನ್ನೊಬ್ಬನ ನೆರವು ಬೇಕಾಗುತ್ತದೆಂಬ ತತ್ತ್ವಕ್ಕೆ ಮುಂದಿನ ಗುರುಪರಂಪರೆಗಳೆಲ್ಲ ಈ ಪ್ರಸಂಗವನ್ನು ಆಶ್ರಯಿಸಿವೆ.

ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥವನ್ನು ಈ ವಿಷಯದ ಮುಖ್ಯ ಆಕರವೆಂದೇ ಹೇಳಬಹುದು. ಇಸ್ಕರಿಯೋತ ಯೂದನಿಂದ ತೆರವಾದ ಸ್ಥಾನಕ್ಕೆ ಅರ್ಹರಾದ ಇಬ್ಬರನ್ನು ಮೊದಲು ಗೊತ್ತುಮಾಡಿ, ಪ್ರಾರ್ಥಿಸಿ, ಚೀಟು ಹಾಕಿದಾಗ ಮತ್ತೀಯನ ಹೆಸರು ಬಂತು. ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದುಬಂದ ಪಂಚಾಶತ್ತಮ ದಿನದ ತರುವಾಯ ಈ ಗ್ರಂಥದಲ್ಲಿ ಚೀಟು ಹಾಕಿದ ಪ್ರಸಂಗ ಮತ್ತೆ ಬರುವುದೇ ಇಲ್ಲ. ಅಂತಿಯೋಕ್ಯದ ಸಭೆಯು ಉಪವಾಸ ಮತ್ತು ಆರಾಧನೆಯಲ್ಲಿದ್ದಾಗ ಬಾರ್ನಬ ಮತ್ತು ಸೌಲರನ್ನು (ಈ ಸೌಲನೇ ಮುಂದೆ ಪೌಲನೆನಿಸಿದವನು) ಪ್ರತ್ಯೇಕಿಸಿ ಕಳುಹಿಸಬೇಕೆಂಬ ಪ್ರೇರಣೆ ಅಲ್ಲಿ ಆಗುತ್ತದೆ. ಯೆರೂಸಲೇಮಿನಲ್ಲಿ ಸುನ್ನತಿಯ ಪ್ರಶ್ನೆಯನ್ನು ಕುರಿತು ಕೂಡಿದ ಹಿರಿಯರು ದೀರ್ಘ ವಾಗ್ವಾದದ ನಂತರ ಬಂದ ನಿರ್ಣಯವನ್ನು ಪವಿತ್ರಾತ್ಮನದೂ ತಮ್ಮದೂ ಆದ ನಿರ್ಣಯವೆಂದು ಬರೆದು ಕಳುಹಿಸುತ್ತಾರೆ. ಪೌಲನು ಆಸ್ಯ ಸೀಮೆಗೆ ಹೋಗಲೆತ್ನಿಸಿ ತಡೆಯಲ್ಪಟ್ಟು, ಬಿಥೂನ್ಯದ ಕಡೆಗೂ ದಾರಿ ಸಿಗದೆ, ತ್ರೋವ ಎಂಬ ರೇವುಪಟ್ಟಣಕ್ಕೆ ಬಂದ ಮೇಲೆ ಮಕೆದೋನ್ಯದವನೊಬ್ಬ ತಮ್ಮನ್ನು ಕರೆಯುವ ದರ್ಶನವನ್ನು ಕಾಣುತ್ತಾನೆ. ಆ ದರ್ಶನದ ಅರ್ಥವನ್ನು ಅವನೊಬ್ಬನೇ ತೀರ್ಮಾನಿಸದೆ ಸಂಗಡಿಗರೆಲ್ಲರೂ ಕೂಡಿ ತೀರ್ಮಾನಿಸಿದರೆಂದು ಗ್ರಂಥಕರ್ತನು ಬಹುವಚನದಲ್ಲಿಯೇ ಬರೆಯುತ್ತಾನೆ. ಈ ಎಲ್ಲ ಪ್ರಸಂಗಗಳ ಹಿಂದೆ ಗೆತ್ಸೇಮನೆ ತೋಟದ ಯೇಸುವಿನ ಪ್ರಾರ್ಥನೆ ಇದೆ: ತನ್ನ ಇಚ್ಛೆಯನ್ನು ಮರೆಮಾಚದೆ ತಂದೆಯ ಮುಂದೆ ಹೇಳಿ, ಆಮೇಲೆ ಅದನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದ ಪ್ರಾರ್ಥನೆ ಅದು.

ಮರುಭೂಮಿಯ ಗುರುಗಳು ಮತ್ತು ಗ್ರಂಥ ತೆರೆಯುವ ರೂಢಿ

ಸುಮಾರು 270ರಲ್ಲಿ ಈಜಿಪ್ಟಿನ ಯುವಕ ಅಂತೋನಿಯು, ಇರುವುದನ್ನೆಲ್ಲ ಬಡವರಿಗೆ ಕೊಟ್ಟು ಹಿಂಬಾಲಿಸೆಂದು ಯೇಸು ಧನಿಕನಿಗೆ ಹೇಳಿದ ಮಾತನ್ನು ಚರ್ಚಿನಲ್ಲಿ ಓದುತ್ತಿರುವುದನ್ನು ಕೇಳಿ, ಅದು ತನಗೇ ಹೇಳಿದ್ದೆಂದು ತಿಳಿದು ಜಮೀನನ್ನು ಬಿಟ್ಟುಕೊಟ್ಟು ಏಕಾಂತಕ್ಕೆ ಹೊರಟನು. ಅವನ ದಾರಿಯಲ್ಲಿ ಮರುಭೂಮಿಗೆ ಹೋದ ಸನ್ಯಾಸಿಗಳು ಮನಸ್ಸಿನಲ್ಲಿ ಏಳುವ ಯೋಚನೆಗಳನ್ನು ಒಂದೊಂದಾಗಿ ಗಮನಿಸಿ, ಅವು ಎಲ್ಲಿಂದ ಬಂದವು, ಎಲ್ಲಿಗೆ ಒಯ್ಯುತ್ತವೆ ಎಂದು ಹಿರಿಯ ಗುರುವಿನ ಮುಂದೆ ಬಿಚ್ಚಿಡುವ ಪದ್ಧತಿಯನ್ನು ಬೆಳೆಸಿದರು. ಜಾನ್ ಕ್ಯಾಸಿಯನ್ ಎಂಬ ಸನ್ಯಾಸಿಯು ಐದನೆಯ ಶತಮಾನದಲ್ಲಿ ಆ ಗುರುಗಳೊಂದಿಗಿನ ಸಂವಾದಗಳನ್ನು ಲ್ಯಾಟಿನಿನಲ್ಲಿ ಬರೆದಿಟ್ಟಾಗ ಎರಡನೆಯ ಸಂವಾದವನ್ನು ಇಡಿಯಾಗಿ ವಿವೇಚನೆಗೇ ಮೀಸಲಿಟ್ಟನು. ಅತಿಯಾದ ಉಪವಾಸ, ಅತಿಯಾದ ಉತ್ಸಾಹ, ತನಗೆ ಕಂಡ ದರ್ಶನದ ಮೇಲಿನ ಕುರುಡು ನಂಬಿಕೆಗಳಿಂದ ಕೆಟ್ಟ ಸನ್ಯಾಸಿಗಳ ಉದಾಹರಣೆಗಳು ಅದರಲ್ಲಿ ಸಾಲಾಗಿ ಬರುತ್ತವೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಈ ಗುರುಶಿಷ್ಯ ಕ್ರಮ ಇಂದಿಗೂ ಜೀವಂತವಾಗಿದೆ. ರಷ್ಯಾದ ಆಪ್ಟಿನಾ ಮಠದ ಹಿರಿಯರ ಸಲಹೆಗಾಗಿ 19ನೆಯ ಶತಮಾನದಲ್ಲಿ ರೈತರಿಂದ ಸಾಹಿತಿಗಳವರೆಗೆ ಜನ ಹುಡುಕಿಕೊಂಡು ಬರುತ್ತಿದ್ದರು.

ಬೈಬಲನ್ನು ಕಣ್ಣುಮುಚ್ಚಿ ತೆರೆದು, ಬೆರಳಿಟ್ಟಲ್ಲಿ ಸಿಕ್ಕ ವಚನವನ್ನೇ ಉತ್ತರವೆಂದು ತಿಳಿಯುವ ರೂಢಿಯೂ ಹಳೆಯದೇ. ಮಿಲಾನಿನ ತೋಟದಲ್ಲಿ 386ರಲ್ಲಿ ಅಗಸ್ಟೀನನು ಪೌಲನ ಪತ್ರವನ್ನು ತೆರೆದು ಮೊದಲು ಕಣ್ಣಿಗೆ ಬಿದ್ದುದನ್ನು ಓದಿ ಮನಪರಿವರ್ತನೆ ಹೊಂದಿದನೆಂಬುದು ಪ್ರಸಿದ್ಧ. ಫ್ರಾನ್ಸಿನ ಆಗ್ಡ್ ನಗರದಲ್ಲಿ 506ರಲ್ಲಿ ಕೂಡಿದ ಧರ್ಮಾಧ್ಯಕ್ಷರ ಸಭೆಯು ಧರ್ಮಗ್ರಂಥದಿಂದ ಭವಿಷ್ಯ ತೆಗೆಯುವುದನ್ನು ನಿಷೇಧಿಸಿತಾದರೂ ರೂಢಿ ನಿಲ್ಲಲಿಲ್ಲ. ಅಸಿಸಿಯ ಸಂತ ಫ್ರಾನ್ಸಿಸನು 13ನೆಯ ಶತಮಾನದ ಆರಂಭದಲ್ಲಿ ತನ್ನ ಮೊದಲ ಸಂಗಡಿಗನೊಂದಿಗೆ ಸುವಾರ್ತೆಯ ಗ್ರಂಥವನ್ನು ಮೂರು ಬಾರಿ ತೆರೆದು ತನ್ನ ಸಂಘದ ದಾರಿಯನ್ನು ಕಂಡುಕೊಂಡನು. ಅಗಸ್ಟೀನ್ ಮತ್ತು ಫ್ರಾನ್ಸಿಸ್ ಇಬ್ಬರೂ ಪುಸ್ತಕ ತೆರೆಯುವ ಮುಂಚೆ ಬಹುಕಾಲ ಒಳಗೊಳಗೇ ಹೋರಾಡಿ ಒಂದು ಕಡೆಗೆ ವಾಲಿದ್ದವರು ಎಂಬುದನ್ನು ಗಮನಿಸಬೇಕು. ಆ ಹೋರಾಟವಿಲ್ಲದೆ ಕ್ರಿಯೆಯನ್ನಷ್ಟೇ ಅನುಕರಿಸಿದರೆ ಅದು ಶಕುನವಾಗಿಬಿಡುತ್ತದೆ.

ಲೊಯೋಲಾದ ಇಗ್ನೇಷಿಯಸ್

ವಿವೇಚನೆಯನ್ನು ಕಲಿಯಬಹುದಾದ, ಕಲಿಸಬಹುದಾದ ಶಿಸ್ತಾಗಿ ರೂಪಿಸಿದ ಕೀರ್ತಿ ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ (1491–1556) ಅವರಿಗೆ ಸಲ್ಲುತ್ತದೆ. ಸ್ಪೇನಿನ ಬಾಸ್ಕ್ ಪ್ರಾಂತದ ಕುಲೀನ ಮನೆತನದ ಈ ಯೋಧ 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಓದಲು ಕೇಳಿದ ವೀರಕಥೆಗಳು ಮನೆಯಲ್ಲಿ ಸಿಗದೆ, ಕ್ರಿಸ್ತನ ಚರಿತ್ರೆಯೊಂದನ್ನೂ ಸಂತರ ಕಥೆಗಳ ಸಂಕಲನವೊಂದನ್ನೂ ಓದುವಂತಾಯಿತು. ಬಿಡುವಿನ ವೇಳೆಯಲ್ಲಿ ಒಮ್ಮೆ ಒಬ್ಬ ರಾಜವಂಶದ ಹೆಂಗಸಿನ ಸೇವೆಯಲ್ಲಿ ತಾನು ಮೆರೆಯುವ ಸಾಹಸಗಳನ್ನು ಕಲ್ಪಿಸಿಕೊಳ್ಳುವರು, ಇನ್ನೊಮ್ಮೆ ಸಂತರಾದ ಫ್ರಾನ್ಸಿಸ್, ದೊಮಿನಿಕರಂತೆ ಬರಿಗಾಲಲ್ಲಿ ಯೆರೂಸಲೇಮಿಗೆ ಹೋಗುವುದನ್ನು ಕಲ್ಪಿಸಿಕೊಳ್ಳುವರು. ಎರಡೂ ಕಲ್ಪನೆಗಳು ಆ ಹೊತ್ತಿಗೆ ಹಿತವಾಗಿಯೇ ಇದ್ದವು. ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬೇಸರಗೊಳ್ಳುತ್ತಿತ್ತು, ಎರಡನೆಯದರ ನಂತರವೂ ಸಂತೋಷ ಉಳಿದಿರುತ್ತಿತ್ತು. ಈ ವ್ಯತ್ಯಾಸವನ್ನು ಕಂಡುಕೊಂಡದ್ದೇ ಅವರ ಮುಂದಿನ ಬೋಧನೆಯೆಲ್ಲದರ ಬೀಜ.

ಆದರೆ ಅದು ಒಮ್ಮೆಗೇ ಪಕ್ವವಾಗಲಿಲ್ಲವೆಂಬುದಕ್ಕೆ, ಅವರೇ ವೃದ್ಧಾಪ್ಯದಲ್ಲಿ ತಮ್ಮ ಸಭೆಯ ಸಹೋದರರೊಬ್ಬರಿಗೆ ಹೇಳಿ ಬರೆಯಿಸಿದ ಆತ್ಮಕಥನದ ಒಂದು ಪ್ರಸಂಗ ಸಾಕ್ಷಿ. ಗುಣಮುಖರಾಗಿ ಮೊಂತ್ಸೆರಾತ್ ಯಾತ್ರೆಗೆ ಹೊರಟಿದ್ದಾಗ, ದಾರಿಯಲ್ಲಿ ಜೊತೆಯಾದ ಮೂರ್ ಜನಾಂಗದವನೊಬ್ಬ ಮಾತೆ ಮರಿಯಳ ಕನ್ಯತ್ವದ ಬಗ್ಗೆ ಸಂದೇಹ ಆಡಿ ಮುಂದೆ ಹೊರಟುಹೋದನು. ಅವನನ್ನು ಅಟ್ಟಿಸಿಕೊಂಡು ಹೋಗಿ ಕಠಾರಿಯಿಂದ ಇರಿಯಬೇಕೇ ಬಿಡಬೇಕೇ ಎಂದು ತೋಚದೆ, ಕವಲುದಾರಿಯಲ್ಲಿ ಹೇಸರಗತ್ತೆಯ ಲಗಾಮನ್ನು ಸಡಿಲಿಸಿ, ಅದು ಆ ಮನುಷ್ಯ ಹೋದ ಹಳ್ಳಿಯ ದಾರಿ ಹಿಡಿದರೆ ಇರಿಯುವುದು, ಹೆದ್ದಾರಿ ಹಿಡಿದರೆ ಬಿಟ್ಟುಬಿಡುವುದು ಎಂದು ನಿಶ್ಚಯಿಸಿದರು. ಹಳ್ಳಿ ಕೆಲವೇ ಹೆಜ್ಜೆಗಳ ದೂರದಲ್ಲಿದ್ದು ಅಲ್ಲಿಗೆ ಹೋಗುವ ದಾರಿ ವಿಶಾಲವಾಗಿದ್ದರೂ ಪ್ರಾಣಿ ಹೆದ್ದಾರಿಯನ್ನೇ ಹಿಡಿಯಿತು. ದೇವರನ್ನು ಮನಸಾರೆ ಪ್ರೀತಿಸುವ, ಆದರೆ ವಿವೇಚನೆ ಎಂದರೇನೆಂದು ಇನ್ನೂ ತಿಳಿಯದ ಆತ್ಮದ ಸ್ಥಿತಿಯನ್ನು ತೋರಿಸಲೆಂದೇ ಅವರು ಇದನ್ನು ಮುಚ್ಚಿಡದೆ ಹೇಳಿದರು.

ಮಾನ್ರೇಸಾ ಎಂಬಲ್ಲಿ 1522–23ರ ಅವಧಿಯ ಏಕಾಂತ, ತಪಸ್ಸು, ಪಾಪಭೀತಿಯ ತೀವ್ರ ಯಾತನೆಗಳ ನಡುವೆ ಬರೆದಿಟ್ಟ ಟಿಪ್ಪಣಿಗಳು ಬೆಳೆದು 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಟ್ಟ ಕೈಪಿಡಿಯಾಗಿ, 1548ರಲ್ಲಿ ಪೋಪ್ ಮೂರನೆಯ ಪೌಲರ ಅಂಗೀಕಾರ ಪಡೆದವು. ಪೂರ್ಣರೂಪದಲ್ಲಿ ಸುಮಾರು 30 ದಿನಗಳ ಮೌನಧ್ಯಾನವಾದ ಈ ಸಾಧನೆಯ ನಡುಭಾಗದಲ್ಲಿ ಬದುಕಿನ ಆಯ್ಕೆಯ ವಿಚಾರ ಬರುತ್ತದೆ. ಆಯ್ಕೆಗೆ ಮುಂಚೆ ಬೇಕಾದದ್ದು ನಿರ್ಲಿಪ್ತತೆ. ಅಂದರೆ ಆರೋಗ್ಯ ಅನಾರೋಗ್ಯ, ಸಿರಿತನ ಬಡತನ, ಮಾನ ಅವಮಾನ ಯಾವುದು ಬಂದರೂ ದೇವರ ಸೇವೆಗೆ ಹೆಚ್ಚು ಅನುಕೂಲವಾದದ್ದನ್ನು ಸ್ವೀಕರಿಸುವ ಸಮತೂಕದ ಮನಃಸ್ಥಿತಿ. ಆಯ್ಕೆ ಮೂರು ಬಗೆಯ ಸಮಯಗಳಲ್ಲಿ ಆಗಬಹುದು: ಸಂಶಯಕ್ಕೆ ಎಡೆಯೇ ಇಲ್ಲದಂತೆ ದೇವರು ಸೆಳೆದಾಗ, ಸಾಂತ್ವನ ಮತ್ತು ಶುಷ್ಕತೆಗಳ ಏರಿಳಿತವನ್ನು ಗಮನಿಸಿ ದಿಕ್ಕು ತಿಳಿದಾಗ, ಮನಸ್ಸು ಶಾಂತವಾಗಿದ್ದು ಬುದ್ಧಿಯಿಂದ ತೂಗಿ ನೋಡಿದಾಗ. ಸಾಂತ್ವನವೆಂದರೆ ನಂಬಿಕೆ, ಭರವಸೆ, ಪ್ರೀತಿಗಳು ಹೆಚ್ಚುವ ಸ್ಥಿತಿ. ಶುಷ್ಕತೆಯೆಂದರೆ ಆತ್ಮ ಕತ್ತಲುಗವಿದು, ಕಳವಳಗೊಂಡು, ಪ್ರಾರ್ಥನೆಯಲ್ಲಿ ರುಚಿ ಕಳೆದುಕೊಳ್ಳುವ ಸ್ಥಿತಿ. ಶುಷ್ಕತೆಯ ಕಾಲದಲ್ಲಿ ಹಿಂದಿನ ನಿರ್ಧಾರವನ್ನು ಎಂದಿಗೂ ಬದಲಿಸಬಾರದೆಂಬ ಅವರ ನಿಯಮವು ಇಡೀ ಕೈಪಿಡಿಯ ಅತ್ಯಂತ ಉಪಯುಕ್ತ ಸಲಹೆ. ದುಃಖ, ಕೋಪ, ಬಳಲಿಕೆಗಳ ನಡುವೆ ಕೆಲಸ ಬಿಡುವ, ಸಂಬಂಧ ಮುರಿಯುವ, ಮಠ ತೊರೆಯುವ ನಿರ್ಧಾರ ಮಾಡಿ ಆಮೇಲೆ ಕೊರಗಿದವರನ್ನು ಕಂಡ ಯಾರಿಗೂ ಅದರ ಬೆಲೆ ತಿಳಿಯದಿರದು.

ಮೂರನೆಯ ಸಮಯಕ್ಕಾಗಿ ಅವರು ಕೊಡುವ ಕ್ರಮ ಬಹಳ ಲೌಕಿಕವಾಗಿದೆ. ಒಂದು ಹುದ್ದೆಯನ್ನು ಒಪ್ಪಿದರೆ ಆಗುವ ಲಾಭಗಳೇನು, ಅಪಾಯಗಳೇನು, ಒಪ್ಪದಿದ್ದರೆ ಲಾಭಗಳೇನು, ಅಪಾಯಗಳೇನು ಎಂದು ನಾಲ್ಕು ಭಾಗ ಮಾಡಿ ಯೋಚಿಸಬೇಕು. ಹಾಗೆಯೇ, ತಾನು ಎಂದೂ ಕಂಡಿರದ ಒಬ್ಬ ಅಪರಿಚಿತ ಇದೇ ಪ್ರಶ್ನೆಯನ್ನು ಹೊತ್ತು ಬಂದರೆ ಅವನಿಗೆ ಏನು ಸಲಹೆ ಕೊಡುತ್ತಿದ್ದೆನೆಂದೂ, ಸಾಯುವ ಗಳಿಗೆಯಲ್ಲಿ ಯಾವ ನಿರ್ಧಾರ ಮಾಡಿದ್ದರೆ ಚೆನ್ನಾಗಿತ್ತೆನಿಸುವುದೆಂದೂ ಕೇಳಿಕೊಳ್ಳಬೇಕು. ಕೊನೆಗೆ ಆದ ನಿರ್ಧಾರವನ್ನು ದೇವರ ಮುಂದೆ ಇಟ್ಟು, ಅದು ಅವರಿಂದ ದೃಢಪಡಲಿ ಎಂದು ಪ್ರಾರ್ಥಿಸಬೇಕು. ಸಾಧನೆ ನಡೆಸಿಕೊಡುವ ಗುರುವಿಗೆ ಇಗ್ನೇಷಿಯಸ್ ಹಾಕಿದ ಕಟ್ಟು ಇನ್ನೂ ಮಹತ್ವದ್ದು: ಧ್ಯಾನಾರ್ಥಿಯನ್ನು ಸನ್ಯಾಸದ ಕಡೆಗಾಗಲಿ ಸಂಸಾರದ ಕಡೆಗಾಗಲಿ ಒಲಿಸದೆ, ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ಸೃಷ್ಟಿಕರ್ತನು ನೇರವಾಗಿ ತನ್ನ ಸೃಷ್ಟಿಯೊಡನೆ ವ್ಯವಹರಿಸಲು ಎಡೆಗೊಡಬೇಕು. ಸಂಘ ಕಟ್ಟಬೇಕೇ, ಅದರಲ್ಲಿ ಒಬ್ಬರ ಆಜ್ಞೆಗೆ ಒಳಪಡಬೇಕೇ ಎಂಬ ಪ್ರಶ್ನೆಯನ್ನು 1539ರಲ್ಲಿ ಅವರೂ ಅವರ ಸಂಗಡಿಗರೂ ರೋಮಿನಲ್ಲಿ ಸುಮಾರು ಮೂರು ತಿಂಗಳು ಚರ್ಚಿಸಿದರು. ಒಂದು ದಿನ ವಿರುದ್ಧದ ಕಾರಣಗಳನ್ನು ಮಾತ್ರ, ಇನ್ನೊಂದು ದಿನ ಪರವಾದ ಕಾರಣಗಳನ್ನು ಮಾತ್ರ ಪ್ರತಿಯೊಬ್ಬರೂ ಹೇಳಬೇಕೆಂಬುದು ಅಲ್ಲಿ ಪಾಲಿಸಿದ ನಿಯಮ. ಯೇಸುಸಭೆ ಮರುವರ್ಷ ಸ್ಥಾಪನೆಯಾಯಿತು.

ಸುಧಾರಣೆಯ ನಂತರ: ಕರೆ, ಚೀಟಿ, ಮೌನ

ಪ್ರಾಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1505ರ ಜುಲೈ 2ರಂದು ಜರ್ಮನಿಯ ಸ್ಟೊಟೆರ್ನ್‌ಹೈಮ್ ಬಳಿ ಸಿಡಿಲಿಗೆ ಬೆದರಿ, ಬದುಕಿ ಉಳಿದರೆ ಸನ್ಯಾಸಿಯಾಗುವೆನೆಂದು ಹರಕೆ ಹೊತ್ತು, ಕಾನೂನು ಓದನ್ನು ಬಿಟ್ಟು ಮಠ ಸೇರಿದರು. ಅದು ದೇವರ ಕರೆಯಾಗಿರದೆ ಭ್ರಮೆಯಾಗಿರಬಹುದಲ್ಲವೇ ಎಂದು ತಂದೆ ಹ್ಯಾನ್ಸ್ ಕೇಳಿದ ಪ್ರಶ್ನೆ ಅವರನ್ನು ಬಹುಕಾಲ ಕಾಡಿತು. ಸನ್ಯಾಸವ್ರತಗಳನ್ನು ಕುರಿತು 1521ರಲ್ಲಿ ಬರೆದ ಗ್ರಂಥವನ್ನು ಅವರು ತಂದೆಗೇ ಅರ್ಪಿಸಿ, ಭಯದಿಂದ ಮಾಡಿದ ಆ ಹರಕೆಗೆ ಬೆಲೆಯಿಲ್ಲವೆಂದು ಒಪ್ಪಿಕೊಂಡರು. ದೇವರ ಕರೆ ಗುರುಗಳಿಗೂ ಸನ್ಯಾಸಿಗಳಿಗೂ ಮಾತ್ರ ಸೀಮಿತವಲ್ಲ, ಚಮ್ಮಾರನ ಕಸುಬು, ತಾಯಿಯ ಆರೈಕೆ, ಅಧಿಕಾರಿಯ ಕರ್ತವ್ಯಗಳೂ ಕರೆಯೇ ಎಂಬ ಅವರ ಬೋಧನೆಯಿಂದ ವಿವೇಚನೆಯ ಪ್ರಶ್ನೆ ಮಠದ ಗೋಡೆ ದಾಟಿ ಪ್ರತಿಯೊಂದು ಮನೆಯೊಳಕ್ಕೂ ಬಂತು.

ಜರ್ಮನಿಯ ಹೆರ್ನ್‌ಹೂಟ್ ಎಂಬಲ್ಲಿ ನೆಲೆಸಿದ ಮೊರೇವಿಯನ್ ಸಭೆಯವರು ಮಿಷನರಿ ನೇಮಕ, ಮದುವೆ ಮುಂತಾದ ವಿಷಯಗಳಲ್ಲಿ ಚೀಟಿ ಎತ್ತುವುದನ್ನು ವ್ಯವಸ್ಥಿತವಾಗಿ ಬಳಸಿದರು. ಸಾಮಾನ್ಯ ಸದಸ್ಯರ ಮದುವೆಗಳಿಗೆ ಇದು 1818ರಲ್ಲಿ ನಿಂತು, 1889ರಲ್ಲಿ ಸಂಪೂರ್ಣ ರದ್ದಾಯಿತು. ದಿನಕ್ಕೊಂದು ವಚನವನ್ನು ಚೀಟಿ ಎತ್ತಿ ಆರಿಸಿ ಪ್ರಕಟಿಸುವ, 1728ರಲ್ಲಿ ಆರಂಭವಾದ ಅವರ ಇನ್ನೊಂದು ರೂಢಿ ಮಾತ್ರ ಇಂದಿಗೂ ನಡೆದಿದೆ. ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿಯವರು ಮೊರೇವಿಯನ್ನರಿಂದಲೇ ಚೀಟಿ ಎತ್ತುವುದನ್ನು ಕಲಿತವರು. ಅಮೆರಿಕದ ಜಾರ್ಜಿಯಾದಲ್ಲಿದ್ದಾಗ, 1737ರಲ್ಲಿ, ಸೋಫಿಯಾ ಹಾಪ್ಕಿ ಎಂಬ ಯುವತಿಯನ್ನು ವರಿಸಬೇಕೇ ಬೇಡವೇ ಎಂದು ತಿಳಿಯದೆ ಮೂರು ಚೀಟಿ ಬರೆದರು: ಮದುವೆಯಾಗು, ಈ ವರ್ಷ ಯೋಚಿಸಬೇಡ, ಇನ್ನೆಂದಿಗೂ ಯೋಚಿಸಬೇಡ. ಬಂದದ್ದು ಮೂರನೆಯದು. ಆಕೆ ಬೇರೊಬ್ಬರನ್ನು ಮದುವೆಯಾದ ಮೇಲೆ ವೆಸ್ಲಿ ಆಕೆಗೆ ಪ್ರಭುಭೋಜನವನ್ನು ನಿರಾಕರಿಸಿ, ಮೊಕದ್ದಮೆಗೆ ಗುರಿಯಾಗಿ, ಆ ವರ್ಷದ ಕೊನೆಗೆ ವಸಾಹತನ್ನೇ ಬಿಡಬೇಕಾಯಿತು. ಚೀಟಿ ಪ್ರಶ್ನೆಯನ್ನು ಮುಗಿಸಿತಾದರೂ ಮನಸ್ಸನ್ನು ಬಿಡಿಸಲಿಲ್ಲ.

ಚೀಟಿಗೆ ಗೌರವದ ಸ್ಥಾನ ಉಳಿದಿರುವುದು, ಅದಕ್ಕೆ ಮುಂಚೆ ಸಮುದಾಯದ ವಿಚಾರಣೆ ಮುಗಿದಿರುವ ಕಡೆಗಳಲ್ಲಿ. ಈಜಿಪ್ಟಿನ ಕಾಪ್ಟಿಕ್ ಆರ್ಥೊಡಾಕ್ಸ್ ಸಭೆಯು ತನ್ನ ಪೋಪರನ್ನು ಆರಿಸುವಾಗ ಅಭ್ಯರ್ಥಿಗಳನ್ನು ಪರಿಶೀಲಿಸಿ, ಮತದಾನದಿಂದ ಮೂವರಿಗೆ ಇಳಿಸಿ, ಆಮೇಲೆ ಮೂವರ ಹೆಸರುಗಳನ್ನು ಪೀಠದ ಮೇಲೆ ಗಾಜಿನ ಪಾತ್ರೆಯಲ್ಲಿ ಇಡುತ್ತದೆ. ಕೈರೋದ ಸಂತ ಮಾರ್ಕರ ಮಹಾದೇವಾಲಯದಲ್ಲಿ 2012ರ ನವೆಂಬರ್ 4ರಂದು ಕಣ್ಣಿಗೆ ಬಟ್ಟೆ ಕಟ್ಟಿದ ಬಾಲಕನೊಬ್ಬ ಎತ್ತಿದ ಚೀಟಿಯಲ್ಲಿ ಈಗಿನ ಪೋಪ್ ಎರಡನೆಯ ತವಾದ್ರೋಸ್ ಅವರ ಹೆಸರಿತ್ತು. ಅಮೆರಿಕದ ಆಮಿಷ್ ಸಮುದಾಯದವರು ಬೋಧಕರನ್ನು ಆರಿಸುವಾಗಲೂ ಸದಸ್ಯರು ಸೂಚಿಸಿದವರ ಮುಂದೆ ಅಷ್ಟೇ ಸಂಖ್ಯೆಯ ಕೀರ್ತನೆ ಪುಸ್ತಕಗಳನ್ನಿಟ್ಟು, ಅವುಗಳಲ್ಲೊಂದರಲ್ಲಿ ಚೀಟಿ ಇರಿಸುತ್ತಾರೆ.

ಇಂಗ್ಲೆಂಡಿನಲ್ಲಿ 17ನೆಯ ಶತಮಾನದಲ್ಲಿ ಹುಟ್ಟಿದ ಕ್ವೇಕರ್ ಪಂಥದವರು ಹಿಡಿದದ್ದು ಇನ್ನೊಂದು ದಾರಿ. ಮದುವೆಯಾಗಬಯಸುವವರ ಮನಸ್ಸು ಸ್ಪಷ್ಟವಾಗಿದೆಯೇ, ಬೇರೆ ವಾಗ್ದಾನಗಳ ತೊಡಕಿಲ್ಲವೇ ಎಂದು ವಿಚಾರಿಸಲು ನೇಮಿಸುತ್ತಿದ್ದ ಸ್ಪಷ್ಟತಾ ಸಮಿತಿಯು ಈಗ ವೃತ್ತಿ, ಸ್ಥಳಾಂತರ ಮುಂತಾದ ಎಲ್ಲ ದೊಡ್ಡ ನಿರ್ಧಾರಗಳಿಗೂ ವಿಸ್ತರಿಸಿದೆ. ನಾಲ್ಕೈದು ಮಂದಿ ನಿರ್ಧರಿಸಬೇಕಾದವರೊಂದಿಗೆ ಮೌನವಾಗಿ ಕುಳಿತು, ನಡುನಡುವೆ ಪ್ರಶ್ನೆಗಳನ್ನು ಮಾತ್ರ ಕೇಳುತ್ತಾರೆ. ಸಲಹೆ ಕೊಡುವಂತಿಲ್ಲ, ತಮ್ಮ ಅನುಭವ ಹೇಳುವಂತಿಲ್ಲ, ಉತ್ತರವನ್ನು ಒಳಗೇ ಅಡಗಿಸಿಟ್ಟ ಪ್ರಶ್ನೆ ಕೇಳುವಂತೆಯೂ ಇಲ್ಲ. ಸಲಹೆ ಕೊಡಲು ಸದಾ ಸಿದ್ಧರಿರುವ ಬಂಧುಬಳಗದ ನಡುವೆ ಬಾಳುವ ಭಾರತೀಯ ಕ್ರೈಸ್ತರು ಈ ಪದ್ಧತಿಯಿಂದ ಕಲಿಯಬೇಕಾದದ್ದು ಬಹಳ.

ಎರಡು ಆಧುನಿಕ ನಿರ್ಧಾರಗಳು

ಹಿಟ್ಲರನನ್ನು ವಿರೋಧಿಸುತ್ತಿದ್ದ ಜರ್ಮನ್ ದೇವಶಾಸ್ತ್ರಜ್ಞ ಡೀಟ್ರಿಚ್ ಬೊನ್‌ಹೋಫರ್ ಅವರನ್ನು ಸೇನಾಸೇವೆ ಮತ್ತು ಸೆರೆಯಿಂದ ಪಾರುಮಾಡಲು ಗೆಳೆಯರು 1939ರ ಜೂನ್‌ನಲ್ಲಿ ನ್ಯೂಯಾರ್ಕಿಗೆ ಕರೆಸಿಕೊಂಡರು. ಬಂದ ಎಂಟೇ ದಿನಗಳಲ್ಲಿ ಅವರು ಅಲ್ಲಿನ ಕೆಲಸವನ್ನು ನಿರಾಕರಿಸಿದರು. ಆ ದಿನಗಳ ದಿನಚರಿಯಲ್ಲಿ ವಿಜಯದ ಧಾಟಿ ಇಲ್ಲ. ತನ್ನ ನಿರ್ಧಾರದ ಹಿಂದಿರುವ ಕಾರಣಗಳು ತನಗೇ ಪೂರ್ತಿ ತಿಳಿಯುತ್ತಿಲ್ಲವೆಂದು, ಅದನ್ನು ದೇವರೇ ಅರಿತು ತೀರ್ಪು ಕೊಡಲೆಂದು ಅವರು ಬರೆದುಕೊಂಡಿದ್ದಾರೆ. ಚಳಿಗಾಲಕ್ಕೆ ಮುಂಚೆ ಬರುವಂತೆ ಪೌಲನು ತಿಮೊಥೆಯನನ್ನು ಕರೆಯುವ ವಾಕ್ಯ ಜೂನ್ 26ರಂದು ಓದಿನಲ್ಲಿ ಎದುರಾದಾಗ, ಅದನ್ನು ತನಗೇ ಹೇಳಿದಂತೆ ಸ್ವೀಕರಿಸುವುದು ಧರ್ಮಗ್ರಂಥದ ದುರ್ಬಳಕೆಯಾಗಲಾರದೆಂದು ಭಾವಿಸಿದರು. ಅಷ್ಟರಲ್ಲಿ ನಿರ್ಧಾರ ಆಗಿಹೋಗಿತ್ತು. ವಚನ ಅದನ್ನು ದೃಢಪಡಿಸಿತು. ಜುಲೈನಲ್ಲಿ ಜರ್ಮನಿಗೆ ಮರಳಿದ ಅವರನ್ನು ಫ್ಲಾಸೆನ್‌ಬ್ಯುರ್ಗ್ ಸೆರೆಶಿಬಿರದಲ್ಲಿ 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲಾಯಿತು. ಸರಿಯಾದ ನಿರ್ಧಾರ ಸುಖಕ್ಕೆ ಒಯ್ಯುತ್ತದೆಂಬ ಸುಲಭದ ಬೋಧನೆಗೆ ಈ ಬದುಕಿನಲ್ಲಿ ಎಡೆಯಿಲ್ಲ.

ಕಲ್ಕತ್ತದ ಲೊರೆಟೊ ಶಾಲೆಯಲ್ಲಿ ಬೋಧಿಸುತ್ತಿದ್ದ ಮದರ್ ತೆರೇಸಾ 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಕಡುಬಡವರ ನಡುವೆ ಬಾಳಬೇಕೆಂಬ ಕರೆಯನ್ನು ಕೇಳಿದರು. ಅವರು ಕೂಡಲೇ ಹೊರಟುಬಿಡಲಿಲ್ಲ. ತಮ್ಮ ಆಧ್ಯಾತ್ಮಿಕ ಮಾರ್ಗದರ್ಶಕರಾದ ಯೇಸುಸಭೆಯ ಫಾದರ್ ವಾನ್ ಎಕ್ಸೆಮ್ ಅವರಿಗೂ, ಅವರ ಮೂಲಕ ಮಹಾಧರ್ಮಾಧ್ಯಕ್ಷ ಪೆರಿಯೆ ಅವರಿಗೂ ಎಲ್ಲವನ್ನೂ ತಿಳಿಸಿದರು. ಪೆರಿಯೆ ಅವರು ವರ್ಷಕ್ಕೂ ಹೆಚ್ಚು ಕಾಲ ಕಾಯಿಸಿ ಪರೀಕ್ಷಿಸಿದರು. ರೋಮಿನ ಅನುಮತಿ ಬಂದು ತೆರೇಸಾ ಲೊರೆಟೊದಿಂದ ಹೊರಬಿದ್ದದ್ದು 1948ರ ಆಗಸ್ಟ್‌ನಲ್ಲಿ. ಆಮೇಲೆ ದಶಕಗಳ ಕಾಲ ಪ್ರಾರ್ಥನೆಯಲ್ಲಿ ಅವರಿಗೆ ಕತ್ತಲೆಯೇ ಅನುಭವವಾಯಿತೆಂಬುದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ಲೋಕಕ್ಕೆ ತಿಳಿಯಿತು. ಶುಷ್ಕತೆಯಲ್ಲಿ ನಿರ್ಧಾರ ಬದಲಿಸಬಾರದೆಂಬ ಇಗ್ನೇಷಿಯಸರ ನಿಯಮಕ್ಕೆ ಇದಕ್ಕಿಂತ ದೀರ್ಘವಾದ ನಿದರ್ಶನ ದೊರೆಯುವುದು ಕಷ್ಟ.

ಕನ್ನಡ ನಾಡಿನಲ್ಲಿ

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ಶಿಸ್ತಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿದ್ದ ಕಮಿಟಿಯ ತೀರ್ಮಾನವನ್ನೇ ದೇವರ ಚಿತ್ತವೆಂದು ಸ್ವೀಕರಿಸಬೇಕೆಂಬ ನಿರೀಕ್ಷೆಯಿತ್ತು. ಮಿಷನರಿಯು ಮದುವೆಯಾಗಲು ಕಮಿಟಿಯ ಒಪ್ಪಿಗೆ ಪಡೆಯಬೇಕಿತ್ತು. ವಧುವನ್ನು ಹುಡುಕುವುದರಲ್ಲಿಯೂ ಅನೇಕ ವೇಳೆ ಕಮಿಟಿಯ ಕೈಯಿರುತ್ತಿತ್ತು. ವರನ ಪರಿಚಯವೇ ಇಲ್ಲದ ತರುಣಿಯರು ಕೂಡ ಅದನ್ನು ದೈವಕರೆಯೆಂದು ನಂಬಿ ಹಡಗು ಹತ್ತಿದರು. ಅವರ ಶ್ರದ್ಧೆ ದೊಡ್ಡದು. ಸಂಸ್ಥೆಯ ಅನುಕೂಲವನ್ನೂ ದೇವರ ಇಷ್ಟವನ್ನೂ ಒಂದೇ ಎಂದು ಎಣಿಸುವುದರಲ್ಲಿರುವ ಅಪಾಯವೂ ಅಷ್ಟೇ ದೊಡ್ಡದು. ಇದಕ್ಕೆ ಎದುರಾಗಿ ನಿಲ್ಲುವವರು ಕಾರ್ಕಳದ ಬಳಿಯ ಮಾಳದ ಮನೆತನದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ (1858–1922). ಇಂಗ್ಲೆಂಡಿನ ವಾಂಟೇಜಿನಲ್ಲಿ 1883ರಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಅವರು, ತಮ್ಮ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡೀನರೊಂದಿಗಿನ ಪತ್ರಗಳಲ್ಲಿ, ತಮ್ಮ ಮನಸ್ಸಾಕ್ಷಿಯನ್ನು ಬೇರೊಬ್ಬರ ಇಚ್ಛೆಗೆ ಒಪ್ಪಿಸಲಾರೆನೆಂದು ಪಟ್ಟುಹಿಡಿದು ವಾದಿಸಿದರು.

ಇಂದಿನ ಕನ್ನಡ ಸಭೆಗಳಲ್ಲಿ ಉಪವಾಸ ಪ್ರಾರ್ಥನೆ, ಧ್ಯಾನಕೂಟ, ಸಭಾಪಾಲಕರ ಅಥವಾ ಧರ್ಮಕೇಂದ್ರದ ಗುರುಗಳ ಸಲಹೆ, ಮನೆಯ ಹಿರಿಯರ ಒಪ್ಪಿಗೆಗಳು ಒಂದರೊಡನೊಂದು ಹೆಣೆದುಕೊಂಡಿವೆ. ಗಲ್ಫ್ ದೇಶದ ಕೆಲಸ, ಮಕ್ಕಳ ಸಂಬಂಧ, ನರ್ಸಿಂಗ್ ಓದು ಎಲ್ಲವೂ ಪ್ರಾರ್ಥನಾ ವಿಷಯಗಳಾಗಿ ಕೂಟದ ಮುಂದೆ ಬರುತ್ತವೆ. ಹಲವು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹೊಸವರ್ಷದ ನಡುರಾತ್ರಿಯ ಆರಾಧನೆಯ ನಂತರ ವಾಗ್ದಾನ ವಚನದ ಕಾರ್ಡುಗಳನ್ನು ತಟ್ಟೆಯಲ್ಲಿಟ್ಟು ಹಿಡಿಯುತ್ತಾರೆ. ಒಬ್ಬೊಬ್ಬರೂ ಒಂದೊಂದನ್ನು ಎತ್ತಿಕೊಂಡು, ವರ್ಷವಿಡೀ ಬೈಬಲಿನೊಳಗೆ ಇಟ್ಟುಕೊಳ್ಳುತ್ತಾರೆ. ಮೊರೇವಿಯನ್ನರ ದಿನವಚನವನ್ನು ನೆನಪಿಗೆ ತರುವ ಈ ರೂಢಿಯು ಭರವಸೆಯ ಆಧಾರವಾಗಿರುವ ತನಕ ನಿರಪಾಯ. ಕಾರ್ಡಿನ ವಚನದ ಮೇಲೆ ಜಮೀನು ಮಾರುವ, ಸಂಬಂಧ ಒಪ್ಪುವ ತೀರ್ಮಾನ ನಿಂತಾಗ ಅದು ಹಳೆಯ ಚೀಟಿಯೇ ಆಗುತ್ತದೆ.

ಚರ್ಚೆ ಮತ್ತು ಎಚ್ಚರಿಕೆ

ದೇವರು ಪ್ರತಿಯೊಬ್ಬರಿಗೂ ಒಂದೇ ಒಂದು ಸರಿಯಾದ ಸಂಗಾತಿಯನ್ನೂ ಒಂದೇ ಕೆಲಸವನ್ನೂ ಗೊತ್ತುಮಾಡಿಟ್ಟಿದ್ದು, ಅದು ತಪ್ಪಿದರೆ ಬಾಳೆಲ್ಲ ಎರಡನೆಯ ದರ್ಜೆಯದಾಗುತ್ತದೆಂಬ ಕಲ್ಪನೆಯನ್ನು ಅಮೆರಿಕದ ಗ್ಯಾರಿ ಫ್ರೀಸನ್ 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಲವಾಗಿ ಪ್ರಶ್ನಿಸಿದರು. ನೈತಿಕ ಚಿತ್ತದ ಎಲ್ಲೆಯೊಳಗೆ ವಿಶ್ವಾಸಿಗೆ ಆಯ್ಕೆಯ ಸ್ವಾತಂತ್ರ್ಯವಿದೆ, ಅಲ್ಲಿ ಬೇಕಾದದ್ದು ಜ್ಞಾನ ಎಂಬುದು ಅವರ ವಾದ. ದೇವರೊಡನೆಯ ಆಪ್ತ ಸಂವಾದವನ್ನು ಈ ವಾದ ಕಡೆಗಣಿಸುತ್ತದೆಂದು ದಾರ್ಶನಿಕ ಡಲ್ಲಾಸ್ ವಿಲ್ಲರ್ಡ್ ಅವರ ಪಕ್ಷದವರು ಹೇಳುತ್ತಾರೆ. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದ್ದರೂ, ತಪ್ಪು ಆಯ್ಕೆ ಮಾಡಿಬಿಟ್ಟೆನೆಂಬ ಭಯದಲ್ಲಿ ನರಳುವವರಿಗೆ ಫ್ರೀಸನ್ನರ ಮಾತು ದೊಡ್ಡ ಬಿಡುಗಡೆ ತಂದಿದೆ.

ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂತೆಕೊಸ್ತ್ ಸಭೆಗಳಲ್ಲಿ ಪ್ರವಾದನೆಯ ಮೂಲಕ ಮಾರ್ಗದರ್ಶನ ಸಿಗುತ್ತದೆಂಬ ನಂಬಿಕೆ ಪ್ರಬಲವಾಗಿದೆ. ಆದರೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು ಪ್ರವಾದನೆಯನ್ನು ಉಳಿದವರು ವಿವೇಚಿಸಬೇಕೆಂದು ಸ್ಪಷ್ಟವಾಗಿ ಆಜ್ಞಾಪಿಸುತ್ತಾನೆ. ಇಂಥವರನ್ನೇ ಮದುವೆಯಾಗಬೇಕೆಂದು, ಇಷ್ಟು ಹಣ ಕೊಡಬೇಕೆಂದು, ಔಷಧಿ ನಿಲ್ಲಿಸಬೇಕೆಂದು ದೇವರ ಹೆಸರಿನಲ್ಲಿ ಯಾರಾದರೂ ಒತ್ತಾಯಿಸಿದಾಗ ಅದನ್ನು ನಿರಾಕರಿಸುವುದು ಅವಿಶ್ವಾಸವಲ್ಲ. ಬೈಬಲೇ ವಿಧಿಸಿರುವ ಪರೀಕ್ಷೆಯ ಪಾಲನೆ ಅದು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 219ನೆಯ ವಿಧಿಯು ಜೀವನಸ್ಥಿತಿಯ ಆಯ್ಕೆಯಲ್ಲಿ ಯಾವುದೇ ಬಲವಂತಕ್ಕೆ ಒಳಗಾಗದಿರುವ ಹಕ್ಕನ್ನು ಪ್ರತಿಯೊಬ್ಬ ವಿಶ್ವಾಸಿಗೂ ಕೊಡುತ್ತದೆ. ಅದೇ ಸಂಹಿತೆಯ 1103ನೆಯ ವಿಧಿಯಂತೆ ಬಲಾತ್ಕಾರ ಅಥವಾ ತೀವ್ರ ಭಯದಿಂದ ಮಾಡಿಕೊಂಡ ಮದುವೆಯೂ, 1191ನೆಯ ವಿಧಿಯಂತೆ ಅನ್ಯಾಯವಾದ ತೀವ್ರ ಭಯದಿಂದ ಕೈಗೊಂಡ ವ್ರತವೂ ಅಸಿಂಧು. ಭಾರತದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯೂ, ಬಲವಂತದಿಂದ ಅಥವಾ ವಂಚನೆಯಿಂದ ಒಪ್ಪಿಗೆ ಪಡೆದ ಮದುವೆಯನ್ನು ಶೂನ್ಯವೆಂದು ಘೋಷಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಉಳಿಸಿದೆ.